ಹಂಚಿ ಮಾರಿದ ವೇಗ

2017ರ ಮಾರ್ಚ್‌ನಲ್ಲಿ ಆಕ್ಟ್ ಫೈಬರ್‌ನೆಟ್ ಸಂಸ್ಥೆಯು ಹೈದರಾಬಾದಿನ ಮನೆಗಳಿಗೆ ಸೆಕೆಂಡಿಗೆ 1 ಗಿಗಾಬಿಟ್ ವೇಗದ ಇಂಟರ್ನೆಟ್ ಸಂಪರ್ಕವನ್ನು ತಿಂಗಳಿಗೆ 5,999 ರೂಪಾಯಿಗೆ ಕೊಡಲಾರಂಭಿಸಿದಾಗ, ಅದರ ಜೊತೆಗೆ 1 ಟೆರಾಬೈಟ್‌ನ ಮಾಸಿಕ ಮಿತಿಯೂ ಇತ್ತು. ಎಂಟು ಬಿಟ್ ಸೇರಿದರೆ ಒಂದು ಬೈಟ್. ವೇಗವನ್ನು ಬಿಟ್‌ನಲ್ಲಿಯೂ ಬಳಕೆಯನ್ನು ಬೈಟ್‌ನಲ್ಲಿಯೂ ಹೇಳುವುದು ರೂಢಿಯಾದ್ದರಿಂದ ಈ ಎರಡು ಅಂಕಿಗಳನ್ನು ಕೂಡಿಸಿ ನೋಡುವ ಗ್ರಾಹಕರು ವಿರಳ. ನೋಡಿದರೆ, ಕೊಂಡ ವೇಗವನ್ನು ಪೂರ್ತಿಯಾಗಿ ಬಳಸಿದವರ ತಿಂಗಳ ಪಾಲು ಸುಮಾರು 2 ಗಂಟೆ 13 ನಿಮಿಷಗಳಲ್ಲಿ ತೀರಿಹೋಗುತ್ತದೆ.

ಮಿತಿ ದಾಟಿದ ಮೇಲೆ ಸಂಪರ್ಕವನ್ನು ಕಡಿಯದೆ ವೇಗವನ್ನಷ್ಟೇ ಇಳಿಸುವ ಈ ಪದ್ಧತಿಗೆ ನ್ಯಾಯಯುತ ಬಳಕೆಯ ನೀತಿ, ಅಂದರೆ ಎಫ್‌ಯುಪಿ ಎಂದು ಹೆಸರು. ಹಾಗೆ ಇಳಿಸಿದ ವೇಗವೂ 512 ಕೆಬಿಪಿಎಸ್‌ಗಿಂತ ಕೆಳಗೆ ಹೋಗಬಾರದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2016ರಲ್ಲಿ ಆದೇಶಿಸಿತು. ಆದರೂ ಎಫ್‌ಯುಪಿಯನ್ನು ದೊಡ್ಡ ದೋಷವೆನ್ನಲಾಗದು, ಏಕೆಂದರೆ ಅದು ಪ್ಲಾನಿನ ವಿವರದಲ್ಲಿ, ಸಣ್ಣ ಅಕ್ಷರದಲ್ಲಾದರೂ, ಬರೆದಿರುತ್ತದೆ.

ಬರೆಯದೆ ಉಳಿಯುವುದು ಹಂಚಿಕೆಯ ಪ್ರಮಾಣ. ಒಂದೇ ಬ್ಯಾಂಡ್‌ವಿಡ್ತ್ ಅನ್ನು, ಎಂದರೆ ಸಂಪರ್ಕಜಾಲವು ಒಂದು ಸೆಕೆಂಡಿನಲ್ಲಿ ಸಾಗಿಸಬಲ್ಲ ದತ್ತಾಂಶದ ಪ್ರಮಾಣವನ್ನು, ಎಷ್ಟು ಗ್ರಾಹಕರಿಗೆ ಮಾರಬಹುದೆಂಬುದಕ್ಕೆ ಟ್ರಾಯ್ 2009ರ ಮಾರ್ಗಸೂಚಿಯಲ್ಲಿ ಮನೆಬಳಕೆಗೆ 1:50ರ ಅನುಪಾತವನ್ನು ಸೂಚಿಸಿತ್ತು. ಈ ಲೆಕ್ಕದಲ್ಲಿ 100 ಎಂಬಿಪಿಎಸ್ ಪ್ಲಾನಿನ ಐವತ್ತು ಮನೆಗಳೂ ಒಟ್ಟಿಗೆ ಬಳಕೆಗೆ ಇಳಿದರೆ ತಲಾ 2 ಎಂಬಿಪಿಎಸ್ ಸಿಕ್ಕೀತು; 2023ರಿಂದ ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗವೂ ಅಷ್ಟೇ. ಎಲ್ಲರೂ ಒಟ್ಟಿಗೆ ಇಳಿಯುವುದಿಲ್ಲವೆಂಬ ನಂಬಿಕೆಯ ಮೇಲೆ ಈ ವ್ಯವಹಾರ ನಿಂತಿದೆ, ಮತ್ತು ಹಂಚಿಕೆ ಅನಗತ್ಯವೂ ಅಲ್ಲ: ಹಂಚಿಕೆಯಿಲ್ಲದ ಲೀಸ್ಡ್ ಲೈನಿನ ಬೆಲೆ ಸಾಮಾನ್ಯ ಕುಟುಂಬದ ಕೈಗೆ ಎಟುಕುವಂಥದಲ್ಲ. ಆಕ್ಷೇಪವಿರುವುದು ಹಂಚಿಕೆಗಲ್ಲ, ಅದನ್ನು ಮುಚ್ಚಿಡುವುದಕ್ಕೆ. 2025ರ ಆಗಸ್ಟ್‌ನಲ್ಲಿ ಹೈದರಾಬಾದಿನ ರಾಮಂತಾಪುರದ ರಥೋತ್ಸವದಲ್ಲಿ ವಿದ್ಯುತ್ ತಗುಲಿ ಐವರು ಸತ್ತ ಬಳಿಕ ವಿದ್ಯುತ್ ಸಿಬ್ಬಂದಿ ಕಂಬಗಳ ಮೇಲಿನ ಕೇಬಲ್‌ಗಳನ್ನು ಕತ್ತರಿಸಿದಾಗ ನಗರದ ಗ್ರಾಹಕರಿಗೆ ಸಂಪರ್ಕ ಏಕೆ ಹೋಯಿತೆಂಬುದಾದರೂ ತಿಳಿದಿತ್ತು. ರಾತ್ರಿ ಒಂಬತ್ತಕ್ಕೆ ವಿಡಿಯೊ ನಿಂತುನಿಂತು ಓಡುವುದಕ್ಕೆ ಅಂಥ ಕಣ್ಣಿಗೆ ಕಾಣುವ ಕಾರಣವೇ ಇಲ್ಲ.

ನಿಯಮದ ಅಳತೆಯೂ ಗ್ರಾಹಕರ ನೆರವಿಗೆ ಬರಲಿಲ್ಲ. ಟ್ರಾಯ್‌ನ 2006ರ ನಿಯಮಾವಳಿ ಕೇಳಿದ, ಕೊಂಡ ವೇಗದ ಶೇ. 80ರಷ್ಟು ವೇಗ ಸೇವಾದಾರರ ನೋಡ್‌ನಿಂದ, ಅಂದರೆ ಅವರದೇ ಜಾಲದ ಕೇಂದ್ರಬಿಂದುವಿನಿಂದ, ಮನೆಯವರೆಗಿನದು ಮಾತ್ರ. ದೇಶವನ್ನು ಹೊರಗಿನ ಇಂಟರ್ನೆಟ್‌ಗೆ ಜೋಡಿಸುವ ಸಮುದ್ರದಡಿಯ ಕೇಬಲ್‌ಗಳು ಬಂದು ಸೇರುವುದು ಮುಖ್ಯವಾಗಿ ಮುಂಬೈ, ಚೆನ್ನೈಗಳಲ್ಲಿ. ಒಳನಾಡಿನ ಹೈದರಾಬಾದಿನಿಂದ ಅಲ್ಲಿಯವರೆಗಿನ ದಾರಿಯೂ ಅದರಾಚೆಯದೂ ಈ ಅಳತೆಯ ಹೊರಗೇ ಉಳಿದವು. ಸ್ಪೀಡ್ ಟೆಸ್ಟ್ ಸಹ ಹಲವು ವೇಳೆ ಸೇವಾದಾರರ ಜಾಲದೊಳಗಿನ ಸರ್ವರನ್ನೇ ಮುಟ್ಟಿ ಮರಳುತ್ತದೆ. ಗೋಡೆಯಾಚೆಯ ಕೋಣೆಯಲ್ಲಿಟ್ಟ ರೂಟರ್, ಅಪಾರ್ಟ್‌ಮೆಂಟಿನ ಹತ್ತಾರು ವೈಫೈಗಳ ತಿಕ್ಕಾಟ ಇವೂ ವೇಗವನ್ನು ತಿನ್ನುತ್ತವೆ, ನಿಜ. ಆದರೆ ರೂಟರಿನ ಜಾಗ ಇಡೀ ದಿನದ ತೊಂದರೆ; ವೈಫೈಗಳ ತಿಕ್ಕಾಟ ರಾತ್ರಿ ಹೆಚ್ಚಬಹುದಾದರೂ ಕೇಬಲನ್ನು ನೇರವಾಗಿ ಜೋಡಿಸಿದರೆ ಅದು ಇಲ್ಲವಾಗುತ್ತದೆ. ಹಾಗೆ ಜೋಡಿಸಿದಾಗಲೂ ಬೆಳಿಗ್ಗೆ ಚೆನ್ನಾಗಿದ್ದು ರಾತ್ರಿಯಷ್ಟೇ ಕುಸಿಯುವ ಸಂಪರ್ಕದ ವಿಷಯದಲ್ಲಿ ಮೊದಲು ನೋಡಬೇಕಾದದ್ದು ಜಾಲದ ದಟ್ಟಣೆಯನ್ನು. ಹಗಲು ಹೊತ್ತಿನಲ್ಲಿ ಮನೆಗೆ ಬಂದ ತಂತ್ರಜ್ಞರು ಕೇಬಲನ್ನು ನೇರವಾಗಿ ಲ್ಯಾಪ್‌ಟಾಪಿಗೆ ಜೋಡಿಸಿ, ಮೂಡಿದ ಅಂಕಿಯನ್ನು ತೋರಿಸಿ ದೂರನ್ನು ಮುಗಿಸಿದರೆ ರಾತ್ರಿಯ ಆ ದಟ್ಟಣೆ ಲೆಕ್ಕಕ್ಕೇ ಬರುವುದಿಲ್ಲ. ದಟ್ಟಣೆಯ ಹೊತ್ತಿನಲ್ಲಿ ಲಿಂಕಿನ ಬಳಕೆ ಶೇ. 80ರೊಳಗೆ ಇರಬೇಕೆಂದು ಅದೇ 2006ರ ನಿಯಮಾವಳಿ ಹೇಳಿದ್ದರಿಂದ ಸೇವಾದಾರರು ಈ ಬಳಕೆಯನ್ನು ಅಳೆಯಲೇಬೇಕಾಯಿತು. ಹಾಗೆ ಅಳೆದ ಅಂಕಿಯನ್ನು ಬಡಾವಣೆವಾರು ಗ್ರಾಹಕರ ಮುಂದಿಡಲು ತಾಂತ್ರಿಕ ಅಡ್ಡಿಯೇನೂ ಇಲ್ಲ.