ಮೋಸದ ದಾಳ, ಉಳಿದ ಪ್ರಶ್ನೆ

ಮೂಕಿ ಕಾಲದಲ್ಲಿ ನಮ್ಮಲ್ಲಿ ತಯಾರಾದ ಚಿತ್ರಗಳಲ್ಲಿ ಇಂದು ನೋಡಲು ಸಿಗುವವು ತೀರಾ ಕಡಿಮೆ. ಉಳಿದುಬಂದವುಗಳಲ್ಲಿ ‘ಶಿರಾಜ್’ (1928), ‘ಪ್ರಪಂಚ ಪಾಶ’ (1929) ಎರಡನ್ನೂ ಜೊತೆಯಲ್ಲೇ ನೋಡಬೇಕು. ನಿರ್ಮಾಪಕ ಹಿಮಾಂಶು ರಾಯ್, ನಿರ್ದೇಶಕ ಜರ್ಮನಿಯ ಫ್ರಾಂಜ್ ಆಸ್ಟನ್, ಕಥೆಗಾರ ನಿರಂಜನ್ ಪಾಲ್. ಎರಡಕ್ಕೂ ದುಡಿದ ಕೈಗಳು ಅವೇ. ಪ್ರೇಮ, ಅರಮನೆಯ ಒಳಸಂಚು ಎರಡರಲ್ಲೂ ಇವೆ. ಆದರೆ ಸಂಚಿನ ನೋವು ನನ್ನನ್ನು ತಟ್ಟಿದ್ದು ‘ಶಿರಾಜ್’ನಲ್ಲಿ ಮಾತ್ರ.

‘ಪ್ರಪಂಚ ಪಾಶ’ದ ಹೆಸರು ದೊಡ್ಡದು. ರಾಜಸ್ಥಾನದ ಅರಮನೆಗಳು, ಆನೆ, ಕುದುರೆ, ಸಾವಿರಾರು ಜನ. ಯುರೋಪಿನ ಪ್ರೇಕ್ಷಕರನ್ನು ಬೆರಗುಗೊಳಿಸಲೆಂದೇ ಇಷ್ಟೆಲ್ಲ ಕಲೆಹಾಕಿದ್ದಾರೆ. ಜೂಜಿನ ಚಟ ಹಿಡಿದ ಇಬ್ಬರು ಅರಸರು, ರಣಜಿತ ಮತ್ತು ಸೋಹತ, ಋಷಿ ಕಣ್ವನ ಮಗಳು ಸುನೀತೆಯನ್ನು ಬಯಸುತ್ತಾರೆ. ಸೋಹತ ಮೋಸದ ದಾಳ ಉರುಳಿಸಿ ರಣಜಿತನ ರಾಜ್ಯವನ್ನೂ ಸ್ವಾತಂತ್ರ್ಯವನ್ನೂ ಗೆಲ್ಲುತ್ತಾನೆ. ಕಥೆಯ ಬೇರು ಮಹಾಭಾರತದ ದ್ಯೂತದಲ್ಲಿದೆ. ಕುಮಾರವ್ಯಾಸನನ್ನು ಗಮಕಿಗಳ ಬಾಯಲ್ಲಿ ಕೇಳಿ ಬೆಳೆದ ನಮಗೆ ಕೊರತೆ ಕಾಣುವುದೂ ಅಲ್ಲಿಯೇ. ತನ್ನನ್ನೇ ಸೋತವನಿಗೆ ಹೆಂಡತಿಯನ್ನು ಪಣಕ್ಕಿಡುವ ಅಧಿಕಾರ ಎಲ್ಲಿಂದ ಬಂತು ಎಂದು ದ್ರೌಪದಿ ಕೇಳುತ್ತಾಳೆ. ಶಕುನಿಯ ಕಪಟ ಬಯಲಾದರೂ ಆ ಪ್ರಶ್ನೆ ಕರಗುವುದಿಲ್ಲ. ಇಲ್ಲಿ ದಾಳದ ಮೋಸ ಬಯಲಾದರೆ ಸಾಕು, ರಣಜಿತನ ಮೇಲೆ ತಪ್ಪೇ ಉಳಿಯುವುದಿಲ್ಲ. ಜೂಜನ್ನು ದ್ವೇಷಿಸಿ ಮಗಳನ್ನು ಕೊಡಲು ಹಿಂಜರಿದ ಕಣ್ವನೊಬ್ಬನೇ ಆ ಪ್ರಶ್ನೆ ಕೇಳಬಲ್ಲವನಾಗಿದ್ದ. ಅವನನ್ನು ಕಥೆ ಕೊಲ್ಲಿಸಿಬಿಡುತ್ತದೆ. ಇದನ್ನು ಕ್ಷಮಿಸಲು ನನಗೆ ಮನಸ್ಸಿಲ್ಲ.

‘ಶಿರಾಜ್’ ತಾಜಮಹಲಿನ ಶಿಲ್ಪಿಯ ಕಥೆ, ಇತಿಹಾಸವಲ್ಲ, ಕಟ್ಟುಕಥೆ. ಆದರೆ ಅದರ ಸಂಚಿಗೆ ಮನುಷ್ಯರ ಮುಖವಿದೆ. ರಾಜಕುಮಾರ ಖುರ್ರಮನನ್ನು ಬಯಸುವ ದಾಲಿಯಾ, ಅವನು ಮೆಚ್ಚಿದ ಸೆಲಿಮಾಳ ಹೆಸರು ಕೆಡಿಸಲು, ಅವಳನ್ನು ಪ್ರೀತಿಸುವ ಶಿಲ್ಪಿ ಶಿರಾಜ್ ಅಂತಃಪುರ ಹೊಕ್ಕು ಸಿಕ್ಕಿಬೀಳುವಂತೆ ಮಾಡುತ್ತಾಳೆ. ಶಿಕ್ಷೆ: ಆನೆಯ ಕಾಲಡಿ ಸಾವು. ನೆಲದ ಮೇಲೆ ತಲೆ, ಅದರ ಮೇಲೆ ಎತ್ತಿದ ಪಾದ. ಆನೆ ನಿಜದ್ದು, ಕೆಳಗಿರುವವರು ಶಿರಾಜ್ ಪಾತ್ರ ಮಾಡಿದ ಸ್ವತಃ ಹಿಮಾಂಶು ರಾಯ್. ಸಾವಿರ ಕುದುರೆಗಳ ಮೆರವಣಿಗೆಗಿಲ್ಲದ ಭಯ ಈ ಒಂದು ಪಾದಕ್ಕಿದೆ.

ದಾಲಿಯಾ ಆಗಿರುವವರು ಸೀತಾದೇವಿ. ‘ಪ್ರಪಂಚ ಪಾಶ’ದ ಸುನೀತೆಯೂ ಅವರೇ. ಮುಗ್ಧೆಯಾಗಿ ಅವರು ಚೆಲುವೆ, ಅಷ್ಟೆ. ಹೊಟ್ಟೆಕಿಚ್ಚಿನ ಹೆಣ್ಣಾಗಿ ಮಾತ್ರ ಕಣ್ಣಿನಂಚಿನಲ್ಲೇ ಒಂದು ಲೆಕ್ಕಾಚಾರವನ್ನು ಓದಿಸುತ್ತಾರೆ. ಸೆಲಿಮಾಳ ಪಾತ್ರದ ಏಣಾಕ್ಷಿ ರಾಮರಾವ್ ಮೋಹನ್ ಭವನಾನಿಯವರ ‘ವಸಂತಸೇನಾ’ ಮೂಕಿಯಲ್ಲಿ ನಮ್ಮ ಟಿ.ಪಿ. ಕೈಲಾಸಂ, ಕಮಲಾದೇವಿ ಚಟ್ಟೋಪಾಧ್ಯಾಯರ ಜೊತೆಯಲ್ಲೂ ನಟಿಸಿದವರು. ಕನ್ನಡದ ಸಿನಿಮಾ ಚರ್ಚೆಯಲ್ಲಿ ಅವರ ಹೆಸರು ಇನ್ನಷ್ಟು ಬರಬೇಕಿತ್ತು.

ಎರಡನ್ನೂ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಸಂರಕ್ಷಿಸಿ ಹೊಸ ಸಂಗೀತದೊಡನೆ ಹೊರತಂದಿದೆ: ‘ಪ್ರಪಂಚ ಪಾಶ’ಕ್ಕೆ ನಿತಿನ್ ಸಾಹ್ನಿ, ‘ಶಿರಾಜ್’ಗೆ ಅನೌಷ್ಕಾ ಶಂಕರ್. ಮೊದಲ ಸಲ ಮೂಕಿ ನೋಡುವವರು ‘ಶಿರಾಜ್’ನಿಂದ ಶುರುಮಾಡಲಿ. ಒಂದು ಸಲ ಸಂಗೀತವನ್ನು ನಿಲ್ಲಿಸಿ, ದಾಲಿಯಾಳ ದೃಶ್ಯಗಳನ್ನಷ್ಟೇ ನೋಡಲಿ.