ಅಚ್ಚಿನ ಚಿತ್ರದಲ್ಲಿ ಅಸಲು ಯಾವುದು?

ರಟ್ಟೀಹಳ್ಳಿಯಂಥ ಊರಿನಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಎಂದರೆ ಲಗ್ನಪತ್ರಿಕೆ, ಅಂಗಡಿಯ ಕೈಚೀಲ. ಮರದ ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆ, ಅದರ ಮೇಲೆ ರಬ್ಬರ್ ಪಟ್ಟಿಯಿಂದ ಎಳೆಯುವ ಬಣ್ಣ, ಬಣ್ಣಕ್ಕೊಂದು ಚೌಕಟ್ಟು. ಆಂಡಿ ವಾರ್ಹಾಲ್ 1962ರಲ್ಲಿ ಮರ್ಲಿನ್ ಮನ್ರೋಳ ಪ್ರಚಾರದ ಫೋಟೋವನ್ನು ಕ್ಯಾನ್ವಾಸಿಗೆ ಇಳಿಸಿದ್ದೂ ಇದೇ ಕಸುಬಿನಿಂದ. ಆ ಮುಖವನ್ನೇ ಅವನು 1964ರಲ್ಲಿ ಮತ್ತೆ ಅಚ್ಚು ಹಾಕಿದ. ಅವುಗಳಲ್ಲೊಂದು 2022ರ ಹರಾಜಿನಲ್ಲಿ 19.5 ಕೋಟಿ ಡಾಲರಿಗೆ ಹೋಯಿತು. ಲಗ್ನಪತ್ರಿಕೆ ಮದುವೆ ಮುಗಿದ ಮೇಲೆ ರದ್ದಿ. ಕಸುಬು ಒಂದೇ ಆದಾಗ ಬೆಲೆ ಹುಟ್ಟುವುದು ಎಲ್ಲಿಂದ?

ರುಜು ಮತ್ತು ಸಂಖ್ಯೆಯಿಂದ ಎನ್ನುತ್ತಾರೆ ಸಂಗ್ರಾಹಕರು. 1967ರಲ್ಲಿ ವಾರ್ಹಾಲ್ ಹೊರತಂದ ಮರ್ಲಿನ್ ಕಟ್ಟಿನಲ್ಲಿ 10 ಹಾಳೆಗಳಿದ್ದವು. ಅಂಥ ಕಟ್ಟುಗಳು 250. ಹಾಳೆಯ ಬೆನ್ನಿಗೆ ಪೆನ್ಸಿಲಿನ ರುಜು, ರಬ್ಬರ್ ಮೊಹರಿನ ಸಂಖ್ಯೆ. ಕೆಲವು ವರ್ಷಗಳಲ್ಲೇ ಯುರೋಪಿನಲ್ಲಿ ಬೇರೆ ಮುದ್ರಕರು ಅದೇ ಚಿತ್ರಗಳನ್ನು ‘ಸಂಡೇ ಬಿ. ಮಾರ್ನಿಂಗ್’ ಹೆಸರಿನಲ್ಲಿ ಅಚ್ಚು ಹಾಕಿ, ರುಜುವನ್ನು ನೀವೇ ತುಂಬಿಕೊಳ್ಳಿ ಎಂದು ಬೆನ್ನಿಗೆ ಮೊಹರು ಒತ್ತಿದರು. ಅಂಥ ಹಾಳೆಗಳು ಕೈಗೆ ಸಿಕ್ಕಾಗ ವಾರ್ಹಾಲ್ ಕೆಲವದರ ಮೇಲೆ, ಇದು ತನ್ನದಲ್ಲ ಎಂದು ಬರೆದು ಕೆಳಗೆ ತನ್ನ ರುಜುವನ್ನೇ ಹಾಕಿದ! ಆ ಹಾಳೆ ಅಸಲೋ ನಕಲೋ? ಸಾವಿರ ಸಲ ಅಚ್ಚಾಗಬಲ್ಲ ಚಿತ್ರಕ್ಕೆ ಅಸಲುತನ ಬೇಕೇ ಎಂದು ಕೇಳಿದ್ದೇ ಪಾಪ್ ಆರ್ಟ್. ಮಾರುಕಟ್ಟೆ ಆ ಪ್ರಶ್ನೆಗೂ ಸಂಖ್ಯೆ ಹಾಕಿ ಮಾರಿತು. ಸಂಖ್ಯೆ ವ್ಯಾಪಾರದ ಕರಾರು. ಚಿತ್ರದ ಗುಣವನ್ನು ಅದು ಹೇಳುವುದಿಲ್ಲ.

ನಮ್ಮ ಮನೆಗಳಿಗೆ ಬಂದ ಅಚ್ಚಿನ ಚಿತ್ರಗಳ ಕಥೆ ಬೇರೆ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ತೆರೆದ ಕಲ್ಲಚ್ಚಿನ ಪ್ರೆಸ್ಸಿನಿಂದ ಲಕ್ಷ್ಮಿ, ಸರಸ್ವತಿಯರು ದೇವರ ಮನೆಗೆ ಬಂದರು. 1916ರಲ್ಲಿ ಕಲಬುರ್ಗಿಯಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಸಿನಿಮಾ ಪೋಸ್ಟರಿಗೂ ಕ್ಯಾಲೆಂಡರಿಗೂ ಬರೆದರು. ಅವರು ಕುಂಚದಿಂದ ಬರೆದ ಮೂಲವನ್ನು ಕಂಡವರು ಕೆಲವರೇ. ಜನರಿಗೆ ಕ್ಯಾಲೆಂಡರೇ ಚಿತ್ರ. ಬನಶಂಕರಿ ಜಾತ್ರೆಯ ಕಂಪನಿ ನಾಟಕಗಳ ಪೋಸ್ಟರುಗಳಂತೂ ಆಟ ಮುಗಿಯುವವರೆಗೆ ಗೋಡೆಯ ಮೇಲಿದ್ದರೆ ಸಾಕಿತ್ತು. ಇವಕ್ಕೆ ರುಜುವಿಲ್ಲ, ಸಂಖ್ಯೆಯಿಲ್ಲ.

ಆದರೂ ಗುರುತು ಇದೆ. ಅಚ್ಚಾದ ಪ್ರತಿಯೊಂದು ಕಾಗದದ ಮೇಲೂ ಮುದ್ರಕನ ಹೆಸರು, ಊರು ಇರಬೇಕೆಂದು 1867ರ ಮುದ್ರಣ ಕಾನೂನು ವಿಧಿಸಿತ್ತು. ಹಳೆಯ ಹ್ಯಾಂಡ್‌ಬಿಲ್ಲುಗಳ ತಳದಲ್ಲಿ ಇರುವೆಯಂಥ ಅಕ್ಷರಗಳಲ್ಲಿ ಪ್ರೆಸ್ಸಿನ ಹೆಸರು ಬರುವುದು ಹಾಗೆ. ಸರ್ಕಾರ ಅದನ್ನು ಕೇಳಿದ್ದು ಅಚ್ಚು ಹಾಕಿದವರ ಮೇಲೆ ಕಣ್ಣಿಡಲು. ಇಂದು ಯಾವ ಊರಿನ ಯಾವ ಪ್ರೆಸ್ಸು ಯಾರಿಗಾಗಿ ಏನು ಅಚ್ಚು ಹಾಕಿತೆಂದು ತಿಳಿಯಲು ನಮಗೆ ಉಳಿದಿರುವುದು ಅನೇಕ ಸಲ ಅದೊಂದೇ ಸಾಲು.

ಸಂಗ್ರಹಿಸುವವರು ಹರಾಜುಕಟ್ಟೆಯ ಅಳತೆಗೋಲು ಹಿಡಿದರೆ ಕುಂಕುಮದ ಕಲೆ, ಮೊಳೆಯ ತೂತು, ಮೈದಾ ಅಂಟಿನ ಗುರುತು ಎಲ್ಲವೂ ದೋಷವಾಗುತ್ತವೆ. ಆ ಚಿತ್ರ ಯಾವ ಗೋಡೆಯ ಮೇಲಿತ್ತು, ಜನ ಅದನ್ನು ಹೇಗೆ ಕಂಡರು ಎಂಬುದಕ್ಕೆ ಅವೇ ಸಾಕ್ಷಿ. ಈಗ ಆ ಗೋಡೆಗಳಿಗೆ ಫ್ಲೆಕ್ಸ್ ಬಂದಿದೆ. ಉಳಿದ ಕಾಗದ ದಿನಕ್ಕಿಷ್ಟು ರದ್ದಿ ಅಂಗಡಿಗೆ ಹೋಗುತ್ತಿದೆ. ಒಂದು ಹಾಳೆ ಸಿಕ್ಕರೆ ಕಲೆ ತೊಳೆಯಬೇಡಿ, ಸಿಕ್ಕ ಊರು, ಮನೆ ಬರೆದಿಡಿ. ಫ್ರೇಮ್ ಹಾಕುವವರು ಅಂಚು ಸಮ ಮಾಡಲು ಮೊದಲು ಕತ್ತರಿಸುವುದು ಆ ಕೊನೆಯ ಸಾಲನ್ನೇ.