ವಿಧಿಯ ತಲೆಗೆ ಕಟ್ಟಬೇಡಿ

ಬಿ.ಎ.ದಲ್ಲಿ 'ರೋಮಿಯೋ ಅಂಡ್ ಜೂಲಿಯೆಟ್' ಕಲಿಸಿದ ಮಾಸ್ತರರು ಬರೆಸಿದ ನೋಟ್ಸಿನಲ್ಲಿ ದುರಂತಕ್ಕೆ ಕಾರಣ ಮೂರು: ವಿಧಿ, ಆಕಸ್ಮಿಕ, ಹರೆಯದ ಅವಸರ. ನಾವೂ ಅದನ್ನೇ ಬರೆದು ಪಾಸಾದೆವು. ರಜೆಗೆ ಕುರ್ತಕೋಟಿಗೆ ಬಂದಾಗ ಕತೆಯನ್ನು ಅವ್ವನಿಗೆ ಹೇಳಿದೆವು. ಪಾದ್ರಿಯ ಪತ್ರ ಒಯ್ಯುವವನು ಪ್ಲೇಗಿನ ಭಯಕ್ಕೆ ಮುಚ್ಚಿದ ಮನೆಯೊಳಗೇ ಸಿಕ್ಕಿಬಿದ್ದದ್ದು, ಹುಡುಗ ವಿಷ ಕುಡಿದದ್ದು, ಹುಡುಗಿ ಚೂರಿ ಇರಿದುಕೊಂಡದ್ದು, ಕೊನೆಗೆ ಅಪ್ಪಂದಿರು ಹೆಣದ ಮುಂದೆ ಕೈ ಹಿಡಿದು ಒಂದಾದದ್ದು. ಎಲ್ಲಾ ಕೇಳಿ ಅವ್ವ, "ಅಲ್ಲೋ ತಮ್ಮಾ, ಆ ಕೈ ಮೊದಲ ಹಿಡಿಯಾಕ ಅವರಿಗೇನ್ ಆಗಿತ್ತು? ಇಬ್ರೂ ಸರೀಕರ ಹೌದಲ್ಲೋ?" ಅಂದಳು.

ನೋಟ್ಸಿನಲ್ಲಿ ಈ ಪ್ರಶ್ನೆ ಇರಲಿಲ್ಲ. ನಾಟಕದಲ್ಲಿ ಇದೆ. ಎರಡೂ ಮನೆತನ ಅಂತಸ್ತಿನಲ್ಲಿ ಸಮ ಎಂದು ಶೇಕ್ಸ್‌ಪಿಯರ್ ಮೊದಲಿಗೇ ಹೇಳಿಬಿಡುತ್ತಾನೆ. ಜಗಳದ ಕಾರಣ ಮಾತ್ರ ಎಲ್ಲಿಯೂ ಹೇಳುವುದಿಲ್ಲ. ಕಾರಣವೇ ಗೊತ್ತಿಲ್ಲದ ಹಗೆಗೆ ಮಕ್ಕಳು ಸತ್ತರು, ದುರಂತ ಇರುವುದು ಅಲ್ಲಿ. ಪತ್ರ ತಪ್ಪಿದ್ದು ಬರೀ ನೆಪ. ಹಗೆ ಇಲ್ಲದಿದ್ದರೆ ಆ ಪತ್ರವೇ ಬೇಕಿರಲಿಲ್ಲವಲ್ಲ!

1889ರಲ್ಲಿ ಆನಂದರಾಯರು ಇದನ್ನು 'ರಾಮವರ್ಮ-ಲೀಲಾವತಿ' ಎಂದು ಕನ್ನಡಕ್ಕೆ ತಂದರು. ಅಲ್ಲಿ ವಿಷ್ಣುವೇ ಬಂದು ಸತ್ತ ಪ್ರೇಮಿಗಳನ್ನು ಬದುಕಿಸುತ್ತಾನೆ. ಪಂಡಿತರು ಇದಕ್ಕೆ ಸಂಸ್ಕೃತ ಪರಂಪರೆಯನ್ನು ತೋರಿಸುತ್ತಾರೆ. ನಮಗೆ ಅನ್ನಿಸುವುದು ಬೇರೆ. ದೇವರೇ ಬದುಕಿಸಿದ ಮೇಲೆ ಅಪ್ಪಂದಿರನ್ನು ಯಾರೂ ಏನೂ ಕೇಳುವ ಹಾಗಿಲ್ಲ.

ಗದುಗಿನಲ್ಲಿ 1870ರ ದಶಕದಲ್ಲಿ ಶಾಂತಕವಿಗಳು ಆಡಿಸಿದ 'ಉಷಾಹರಣ'ವೂ ಹರೆಯದ ಪ್ರೇಮದ ಕತೆಯೇ. ಬಾಣಾಸುರನ ಮಗಳು ಕೃಷ್ಣನ ಮೊಮ್ಮಗನನ್ನು ಮೆಚ್ಚಿದಳು. ಯುದ್ಧವಾಯಿತು, ಅಪ್ಪನ ತೋಳುಗಳು ಕಡಿದುಬಿದ್ದವು, ಮದುವೆಯೂ ಆಯಿತು. ಯಾಕೆಂದರೆ ಗಂಡು ದೇವರ ಮನೆಯವನು. ಗಂಡು ಅಸುರನಾಗಿ, ಹೆಣ್ಣು ದ್ವಾರಕೆಯವಳಾಗಿದ್ದರೆ ಕಡಿದುಬೀಳುತ್ತಿದ್ದುದು ಯಾರ ತೋಳು?

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಲೆಕ್ಕ ತಿರುಗಾಮುರುಗಾ. ಸಮಗಾರ ಹರಳಯ್ಯ, ಬ್ರಾಹ್ಮಣ ಹುಟ್ಟಿನ ಮಧುವರಸ, ಇಬ್ಬರೂ ಶರಣರಾಗಿ ತಾವಾಗಿಯೇ ಬೀಗರಾದರು. ಯಾವ ಪತ್ರವೂ ತಪ್ಪಲಿಲ್ಲ, ಯಾರಿಗೂ ಅವಸರವಿರಲಿಲ್ಲ. ಆದರೂ ಕಣ್ಣು ಕೀಳಿಸಿ ಎಳೆಹೂಟೆ ಕಟ್ಟಿಸಿ ಕೊಂದರು ಎಂದು ನಮ್ಮ ಜನ ಇಂದಿಗೂ ಹೇಳುತ್ತಾರೆ. ವೆರೋನಾದಲ್ಲಿ ಅಪ್ಪಂದಿರ ಹಗೆ ಮಕ್ಕಳನ್ನು ಕೊಂದಿತು. ಇಲ್ಲಿ ಕೈ ಹಿಡಿದ ಅಪ್ಪಂದಿರನ್ನೇ ಕೊಂದರು. ಲಂಕೇಶರ 'ಸಂಕ್ರಾಂತಿ', ಕಾರ್ನಾಡರ 'ತಲೆದಂಡ' ಆ ಕಲ್ಯಾಣಕ್ಕೇ ಮರಳಿ ಹೋದದ್ದು ಸುಮ್ಮನೆ ಅಲ್ಲ.

2019ರ ನವೆಂಬರ್‌ನಲ್ಲಿ ನಮ್ಮದೇ ಜಿಲ್ಲೆಯ ಲಕ್ಕಲಕಟ್ಟಿ. ಮಾದಿಗರ ಹುಡುಗ, ಲಂಬಾಣಿ ಹುಡುಗಿ. ಮದುವೆಯಾಗಿ ಹೊರಗೆ ಬಾಳಿ ಊರಿಗೆ ಬಂದಿದ್ದವರನ್ನು ಕಲ್ಲಿನಿಂದ ಜಜ್ಜಿ ಕೊಂದರು. ಹೆಣ್ಣಿನ ಕಡೆಯ ನಾಲ್ವರಿಗೆ 2025ರಲ್ಲಿ ಗದಗಿನ ನ್ಯಾಯಾಲಯ ಮರಣದಂಡನೆ ವಿಧಿಸಿತು. ಎರಡೂ ಜಾತಿ ಪರಿಶಿಷ್ಟರ ಪಟ್ಟಿಯಲ್ಲೇ ಇವೆ. ಗೆಳೆಯರೇ, ಅವ್ವ ಅಂದ 'ಸರೀಕರು' ಎಂಬ ಮಾತು ಇಲ್ಲಿ ನಮ್ಮನ್ನೇ ಇರಿಯುತ್ತದೆ. ಮೇಲಿನವರನ್ನಷ್ಟೇ ಬೈದು ಮನೆಗೆ ಹೋಗುವ ಹಾಗಿಲ್ಲ. ಸರ್ಕಾರದ ಪಟ್ಟಿಯಲ್ಲಿ ಸರೀಕರಾದವರು ಊರಾಗ ಒಬ್ಬರ ತಲಿ ಮ್ಯಾಲೊಬ್ಬರು ನಿಂತೀವಿ.

ಇನ್ನೊಂದು ಮಾತು. ನಾಟಕದ ಕೊನೆಗೆ ರೋಮಿಯೋನ ಅಪ್ಪ ಸತ್ತ ಸೊಸೆಗೆ ಬಂಗಾರದ ಮೂರ್ತಿ ಮಾಡಿಸುವೆನೆನ್ನುತ್ತಾನೆ. ಇನ್ನೊಬ್ಬ ನನ್ನದೂ ಕಡಿಮೆಯಿಲ್ಲ ಎನ್ನುತ್ತಾನೆ. ಹೆಣದ ಮುಂದೆಯೂ ಅಂತಸ್ತಿನ ಪೈಪೋಟಿ! ನಮ್ಮ ನೋಟ್ಸಿನಲ್ಲಿ ಇದನ್ನು 'ಶಾಂತಿ ಸ್ಥಾಪನೆ' ಎಂದು ಬರೆಸಿದ್ದರು. ಹಳ್ಳಿಯ ಮಾಸ್ತರರು ಯಾರಾದರೂ ಈ ನಾಟಕ ಆಡಿಸಿದರೆ ಆ ಭಾಗ ಕತ್ತರಿಸಬೇಡಿ. ಅಪ್ಪಂದಿರು ಬಂಗಾರದ ಮಾತಾಡುವಾಗ ದೀಪ ಆರಿಸಬೇಡಿ.